40 ಮೀಟರ್ ದೂರದ ಬಾವಿ ಚೆನ್ನಾಗಿತ್ತು, 200 ಮೀಟರ್ ದೂರದ ಬೋರ್ ನಾರುತ್ತಿತ್ತು

ನನ್ನ ಕೆಲಸ ಬೋರ್ ಪಾಯಿಂಟ್ ನೋಡುವುದು. ಹಾಸನ, ಬೇಲೂರು, ಸಕಲೇಶಪುರ, ಮೂಡಿಗೆರೆ ಸುತ್ತಮುತ್ತ ಯಾರಿಗಾದರೂ ನೀರು ಬೇಕಾದರೆ ಪೆಟ್ಟಿಗೆ, ವೈರು, ಕಬ್ಬಿಣದ ಸರಳು ಹೊತ್ತುಕೊಂಡು ಹೋಗುತ್ತೇನೆ. ನಾನು ಹೋಗುವ ಹೊತ್ತಿಗೆ ತೆಂಗಿನಕಾಯಿ ಹಿಡಿದು ನಡೆಯುವವರು ಒಂದು ಸುತ್ತು ಮುಗಿಸಿರುತ್ತಾರೆ. ಅದು ಬೇರೆ ಕತೆ.

ಕೆಲವು ವರ್ಷದ ಹಿಂದೆ, ಜುಲೈ ತಿಂಗಳಲ್ಲಿ, ಸಕಲೇಶಪುರ ಮತ್ತು ಮೂಡಿಗೆರೆ ನಡುವಿನ ಒಂದು ಕಾಫಿ ತೋಟದಿಂದ ಫೋನ್ ಬಂತು. "ನೀರು ಹುಡುಕೋದು ಬೇಡ, ನೀರಿದೆ. ಆ ನೀರಿನಲ್ಲಿ ಡೀಸೆಲ್ ವಾಸನೆ ಬರ್ತಿದೆ. ಎಲ್ಲಿಂದ ಅಂತ ಹೇಳಿ ಸಾಕು" ಅಂದರು.

ಹೋಗಿ ನೋಡಿದೆ. ಗುಡ್ಡದ ಮೇಲೆ ಜನರೇಟರ್ ಶೆಡ್ಡು. ಅದರ ಪಕ್ಕ ಡೀಸೆಲ್ ತುಂಬಿಡುತ್ತಿದ್ದ ಹಳೆಯ ಕಬ್ಬಿಣದ ಟ್ಯಾಂಕನ್ನು ನೆಲದಲ್ಲಿ ಹೂತಿದ್ದರು. ಶೆಡ್ಡಿನಿಂದ 40 ಮೀಟರ್ ದೂರದಲ್ಲಿ ಸೇದುವ ಬಾವಿ. ಅದರ ನೀರು ಕನ್ನಡಿಯ ಹಾಗಿತ್ತು. 200 ಮೀಟರ್ ಕೆಳಗೆ, ಗದ್ದೆಯ ಅಂಚಿನಲ್ಲಿ, 320 ಅಡಿ ಬೋರ್. ಬಕೆಟ್ ಹಿಡಿದರೆ ವಾಸನೆ ಮೂಗಿಗೆ ಹೊಡೆಯುತ್ತಿತ್ತು. ಅದೂ ಮಳೆಗಾಲದಲ್ಲಿ ಮಾತ್ರ. ಬೇಸಿಗೆಯಲ್ಲಿ ಅದೇ ಬೋರ್ ನೀರನ್ನು ಲ್ಯಾಬಿಗೆ ಕೊಟ್ಟಿದ್ದರು. ಎಲ್ಲ ಸರಿಯಿದೆ ಅಂತ ಕಾಗದ ಬಂದಿತ್ತು. ಆ ಕಾಗದವನ್ನು ಯಜಮಾನರು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಜೋಪಾನವಾಗಿ ಇಟ್ಟುಕೊಂಡಿದ್ದರು.

ಹತ್ತಿರದ್ದು ಚೆನ್ನಾಗಿದೆ, ದೂರದ್ದು ಕೆಟ್ಟಿದೆ. ಬೇಸಿಗೆಯಲ್ಲಿ ಚೆನ್ನಾಗಿದೆ, ಮಳೆಯಲ್ಲಿ ಕೆಟ್ಟಿದೆ. ಇದು ಹೇಗೆ ಅಂತ ಅರ್ಥವಾಗಬೇಕಾದರೆ ನಮ್ಮ ಮಲೆನಾಡಿನ ನೆಲ ಅರ್ಥವಾಗಬೇಕು. ನನಗೂ ಅದು ಅರ್ಥವಾಗಿದ್ದು ಒಂದು ಸಲ ತಪ್ಪು ಮಾಡಿದ ಮೇಲೆಯೇ.

ಈ ನೆಲ ನೋಡಲು ಪುಸ್ತಕ ಬೇಕಾಗಿಲ್ಲ. ತೋಟಕ್ಕೆ ರಸ್ತೆ ಮಾಡುವಾಗ ಗುಡ್ಡ ಕಡಿದಿರುತ್ತಾರಲ್ಲ, ಆ ಕಡಿದ ಗೋಡೆಯ ಮುಂದೆ ನಿಂತರೆ ಸಾಕು. ಮೇಲೆ ಮೊಳದಷ್ಟು ಕಪ್ಪು ಮಣ್ಣು, ಎಲೆಗೊಬ್ಬರ. ಅದರಡಿ ಜಂಬಿಟ್ಟಿಗೆ, ಅಂದರೆ ತೂತು ತೂತಾದ ಕೆಂಪು ಕಲ್ಲು. 1807ರಲ್ಲಿ ಫ್ರಾನ್ಸಿಸ್ ಬುಕಾನನ್ ಇದಕ್ಕೆ ಲ್ಯಾಟರೈಟ್ ಎಂದು ಹೆಸರು ಕೊಟ್ಟ. ಲ್ಯಾಟಿನ್ ಭಾಷೆಯಲ್ಲಿ ಅದಕ್ಕೂ ಇಟ್ಟಿಗೆ ಅಂತಲೇ ಅರ್ಥ. ಜಂಬಿಟ್ಟಿಗೆಯ ಒಳಗೆ ಬೆರಳು ಗಾತ್ರದ, ಕೆಲವು ಕಡೆ ತೋಳು ಗಾತ್ರದ ಸುರಂಗಗಳಿರುತ್ತವೆ. ಮಳೆ ಜೋರಾದಾಗ ಆ ತೂತುಗಳಿಂದ ನಲ್ಲಿ ಬಿಟ್ಟ ಹಾಗೆ ನೀರು ಸುರಿಯುವುದನ್ನು ಘಾಟಿಯಲ್ಲಿ ಓಡಾಡುವವರೆಲ್ಲ ನೋಡಿರುತ್ತಾರೆ.

ಜಂಬಿಟ್ಟಿಗೆಯ ಕೆಳಗೆ ಬಿಳಿ, ಹಳದಿ, ನೇರಳೆ ಬಣ್ಣದ ಜೇಡಿ. ಇದು ಹಿಂದೆ ಕಲ್ಲಾಗಿದ್ದದ್ದು, ಲಕ್ಷಾಂತರ ವರ್ಷ ಮಳೆ ಬಿದ್ದು ಕೊಳೆತಿದೆ. ಕೈಯಲ್ಲಿ ಹಿಸುಕಿದರೆ ಪುಡಿಯಾಗುತ್ತದೆ, ಆದರೆ ಕಲ್ಲಿನ ಗೆರೆಗಳು ಮಾತ್ರ ಹಾಗೇ ಉಳಿದಿರುತ್ತವೆ. ಅದರಡಿ ಅರ್ಧ ಕೊಳೆತ ಕಲ್ಲು. ಕೊನೆಗೆ ಗಟ್ಟಿ ಬಂಡೆ. ಬಂಡೆಯೊಳಗೆ ಬಿರುಕುಗಳು, ನಡುನಡುವೆ ಬಂಡೆಯನ್ನು ಸೀಳಿಕೊಂಡು ಮೇಲೆ ಬಂದ ಕರಿಕಲ್ಲಿನ ಗೋಡೆಗಳು. ನಾವು ಭೂವಿಜ್ಞಾನ ಓದಿದವರು ಅವುಗಳಿಗೆ ಡೈಕ್ ಅನ್ನುತ್ತೇವೆ. ಕರಿಕಲ್ಲಿನ ಗೋಡೆ ಬಿರುಕಿಲ್ಲದೆ ಗಟ್ಟಿಯಾಗಿದ್ದರೆ ನೀರನ್ನು ಅಣೆಕಟ್ಟಿನ ಹಾಗೆ ತಡೆಯುತ್ತದೆ. ಅದರ ಅಂಚು ಒಡೆದಿದ್ದರೆ ಅದೇ ನೀರಿನ ಹೆದ್ದಾರಿ.

ಪೂರ್ವಕ್ಕೆ ಅರಸೀಕೆರೆ, ಕಡೂರು ಕಡೆ ಹೋದರೆ ಈ ಮೇಲಿನ ದಪ್ಪ ಕಂಬಳಿ ಇಲ್ಲ. ಸ್ವಲ್ಪ ಮಣ್ಣು, ಆಮೇಲೆ ಬಂಡೆ. ಸಕಲೇಶಪುರದಲ್ಲಿ ವರ್ಷಕ್ಕೆ 2000 ಮಿಲಿಮೀಟರ್ ದಾಟಿ ಮಳೆ ಬೀಳುತ್ತದೆ, ಅರಸೀಕೆರೆಯಲ್ಲಿ ಅದರ ಅರ್ಧವೂ ಇಲ್ಲ. ಜಿಲ್ಲೆ ಒಂದೇ, ನೆಲ ಎರಡು.

ಈಗ ಲೆಕ್ಕಕ್ಕೆ ಬರೋಣ. ಮರಳು ತುಂಬಿದ ನದಿ ಬಯಲಿನಲ್ಲಿ ಒಂದು ಘನಮೀಟರ್ ನೆಲದಲ್ಲಿ ಕಾಲು ಭಾಗ ಖಾಲಿ ಜಾಗ ಇರುತ್ತದೆ. ಅಲ್ಲಿ 1000 ಲೀಟರ್ ಕೊಳಕು ನೀರು ಸುರಿದರೆ ಅದು 4 ಘನಮೀಟರ್ ಮರಳಿನಲ್ಲಿ ಹಿಡಿಸುತ್ತದೆ. ನಮ್ಮ ಬಂಡೆಯಲ್ಲಿ ಬಿರುಕಿನ ಜಾಗ ಸಾವಿರದಲ್ಲಿ ಒಂದು ಪಾಲು ಅಂತ ಇಟ್ಟುಕೊಳ್ಳಿ. ಅದೇ 1000 ಲೀಟರಿಗೆ 1000 ಘನಮೀಟರ್ ಬಂಡೆ ಬೇಕು. ಒಂದು ಟ್ಯಾಂಕಿನ ಸೋರಿಕೆ ಇಡೀ ಗುಡ್ಡದ ಹೊಟ್ಟೆಗೆ ಇಳಿಯುತ್ತದೆ.

ಬಿರುಕಿನಲ್ಲಿ ಇನ್ನೊಂದು ಮೋಸವಿದೆ. ಬಿರುಕಿನ ಅಗಲ ಎರಡರಷ್ಟಾದರೆ ಅದರಲ್ಲಿ ಹರಿಯುವ ನೀರು ಎರಡರಷ್ಟಲ್ಲ, ಎಂಟರಷ್ಟಾಗುತ್ತದೆ. ಹತ್ತರಷ್ಟು ಅಗಲವಾದರೆ ಸಾವಿರದಷ್ಟು. ಅಂದರೆ ನೂರು ಬಿರುಕಿದ್ದರೂ ಕೆಲಸ ಮಾಡುವುದು ಎರಡೋ ಮೂರೋ. ನೀವು ತೋಡಿದ ಬೋರ್ ಆ ಎರಡು ಮೂರನ್ನು ಒಂದು ಅಡಿಯಲ್ಲಿ ತಪ್ಪಿಸಿಕೊಂಡರೆ ನಿಮಗೆ ಸಿಗುವುದು ಒಳ್ಳೆಯ ನೀರು, ಒಳ್ಳೆಯ ರಿಪೋರ್ಟು. ವಿಷ ಪಕ್ಕದಲ್ಲೇ ಹೋಗುತ್ತಿರುತ್ತದೆ. ಅದಕ್ಕೇ ನಾನು ಲ್ಯಾಬ್ ಕಾಗದದಲ್ಲಿ 'ಇಲ್ಲ' ಅಂತ ಇದ್ದರೆ 'ಈ ತಿಂಗಳು, ಈ ಆಳದಲ್ಲಿ, ಈ ಕೊಳವೆಗೆ ಸಿಕ್ಕಿಲ್ಲ' ಅಂತ ಓದಿಕೊಳ್ಳುತ್ತೇನೆ.

ಒಂದೊಂದು ವಿಷಕ್ಕೆ ಒಂದೊಂದು ನಡಿಗೆ

ಎಲ್ಲ ರಾಸಾಯನಿಕವೂ ನೀರಿನ ಜೊತೆ ಸುಮ್ಮನೆ ಹೋಗುತ್ತದೆ ಅಂತ ಅಂದುಕೊಂಡರೆ ಹುಡುಕುವ ಕೆಲಸ ಮೊದಲ ದಿನವೇ ದಾರಿ ತಪ್ಪುತ್ತದೆ.

ಉಪ್ಪು ಮತ್ತು ನೈಟ್ರೇಟ್ ಕರಗಿ ನೀರಿನ ವೇಗದಲ್ಲೇ ಹೋಗುತ್ತವೆ. ಯೂರಿಯಾ, ಕೊಟ್ಟಿಗೆ, ಕಕ್ಕಸು ಗುಂಡಿ, ಇವೆಲ್ಲದರ ಗುರುತು ನೈಟ್ರೇಟ್. ಕುಡಿಯುವ ನೀರಿನ ಭಾರತೀಯ ಮಾನದಂಡದಲ್ಲಿ ಅದಕ್ಕೆ ಲೀಟರಿಗೆ 45 ಮಿಲಿಗ್ರಾಂ ಮಿತಿ.

ಮೈಲುತುತ್ತು ಇದಕ್ಕೆ ಉಲ್ಟಾ. ಎಷ್ಟೋ ದಶಕದಿಂದ ತೋಟಗಳಿಗೆ ಮೈಲುತುತ್ತು, ಸುಣ್ಣ ಕಲಸಿದ ಬೋರ್ಡೋ ದ್ರಾವಣ ಹೊಡೆಯುತ್ತಿದ್ದೇವೆ. ಅದರ ತಾಮ್ರ ಎಲೆಗೊಬ್ಬರಕ್ಕೂ ಜೇಡಿಗೂ ಅಂಟಿಕೊಂಡು ಮೇಲಿನ ಮಣ್ಣಿನಲ್ಲೇ ಕೂರುತ್ತದೆ. ತಾಮ್ರ ಹುಡುಕಲು 300 ಅಡಿ ಬೋರ್ ನೀರು ತೆಗೆದುಕೊಂಡು ಹೋದರೆ ದುಡ್ಡು ದಂಡ. ಗುದ್ದಲಿಯಲ್ಲಿ ಒಂದು ಗೇಣು ಮಣ್ಣು ತೆಗೆದರೆ ಉತ್ತರ ಅಲ್ಲೇ ಇರುತ್ತದೆ.

ಪೆಟ್ರೋಲ್, ಡೀಸೆಲ್ ನೀರಿಗಿಂತ ಹಗುರ. ಇಳಿಯುತ್ತಾ ಹೋಗಿ ನೀರಿನ ಮಟ್ಟ ಸಿಕ್ಕಿದ ಕೂಡಲೇ ಅದರ ಮೇಲೆ ತೇಲುತ್ತವೆ. ನೀರಿನ ಮಟ್ಟ ಬೇಸಿಗೆಯಲ್ಲಿ ಇಳಿದಾಗ ಅವೂ ಇಳಿದು ಮಣ್ಣಿಗೆ ಮೆತ್ತಿಕೊಳ್ಳುತ್ತವೆ. ಮಳೆಯಲ್ಲಿ ನೀರು ಏರಿದಾಗ ಒಂದು ಪಾಲು ಕೆಳಗೇ ಸಿಕ್ಕಿಕೊಳ್ಳುತ್ತದೆ. ನಮ್ಮಲ್ಲಿ ಮಟ್ಟ ಒಂದೇ ವರ್ಷದಲ್ಲಿ ಹಲವು ಮೀಟರ್ ಏರಿ ಇಳಿಯುತ್ತದೆ. ಹಾಗಾಗಿ ಸೋರಿಕೆ ಒಂದು ತೆಳು ಪದರವಾಗಿ ಉಳಿಯುವುದಿಲ್ಲ, ದೋಸೆ ಹಿಟ್ಟು ಕಾವಲಿಯ ಮೇಲೆ ಸವರಿದ ಹಾಗೆ ಮೇಲಿಂದ ಕೆಳಗೆ ಸವರಿಹೋಗುತ್ತದೆ.

ಇನ್ನು ಗ್ಯಾರೇಜು, ಕಾರ್ಖಾನೆಗಳಲ್ಲಿ ಕಬ್ಬಿಣದ ಜಿಡ್ಡು ತೆಗೆಯಲು ಬಳಸುವ ಟ್ರೈಕ್ಲೋರೋಎಥಿಲೀನ್‌ನಂಥ ಸಾಲ್ವೆಂಟ್‌ಗಳು. ಇವು ನೀರಿಗಿಂತ ಸುಮಾರು ಒಂದೂವರೆ ಪಟ್ಟು ಭಾರ. ನೀರು ಎತ್ತ ಹರಿಯುತ್ತದೆ ಅನ್ನುವುದು ಇವಕ್ಕೆ ಲೆಕ್ಕಕ್ಕಿಲ್ಲ. ಬಿರುಕು ಎತ್ತ ಇಳಿಜಾರಾಗಿದೆಯೋ ಅತ್ತ ಇಳಿಯುತ್ತವೆ. ನೀರು ಪೂರ್ವಕ್ಕೆ ಹೋದರೆ ಇವು ಪಶ್ಚಿಮಕ್ಕೆ ಹೋಗಬಹುದು. ಹೋಗುವಾಗ ಬಂಡೆಯ ಸೂಕ್ಷ್ಮ ರಂಧ್ರಗಳೊಳಗೂ ಇಂಗುತ್ತವೆ. ಆಮೇಲೆ ಬಿರುಕಿನ ನೀರು ಶುದ್ಧವಾದರೂ ಬಂಡೆಯೇ ಹನಿ ಹನಿಯಾಗಿ, ಎಷ್ಟೋ ವರ್ಷ, ವಾಪಸ್ ಕೊಡುತ್ತಿರುತ್ತದೆ.

ನಮ್ಮ ಊರಿನದ್ದೇ ಒಂದು ವಿಷಯ ಹೇಳಬೇಕು. ಕಾಫಿ ಪಲ್ಪಿಂಗ್ ನೀರು, ಅಂದರೆ ಕಾಫಿ ಹಣ್ಣಿನ ಸಿಪ್ಪೆ ಬಿಡಿಸಿ ಬೀಜ ತೊಳೆದ ನೀರು. ಸಿಹಿ, ಹುಳಿ, ಕೊಳೆಯುವ ಪದಾರ್ಥ ತುಂಬಿದ ನೀರು ಅದು. ಅದನ್ನು ಗುಂಡಿಯಲ್ಲಿ ಬಿಟ್ಟು ನೆಲಕ್ಕೆ ಇಂಗಲು ಬಿಟ್ಟರೆ ಅದು ಕೊಳೆಯುವಾಗ ನೆಲದಡಿಯ ಆಮ್ಲಜನಕವನ್ನೆಲ್ಲ ತಿಂದು ಹಾಕುತ್ತದೆ. ಆಗ ಜಂಬಿಟ್ಟಿಗೆಯಲ್ಲಿ ಗಟ್ಟಿಯಾಗಿ ಕೂತಿದ್ದ ಕಬ್ಬಿಣ, ಮ್ಯಾಂಗನೀಸ್ ಕರಗಲು ಶುರುವಾಗುತ್ತವೆ. ಕೆಳಗಿನ ಬಾವಿಯವರು 'ನೀರು ಕೆಂಪಗಾಗಿದೆ, ಬಟ್ಟೆ ಕಲೆಯಾಗ್ತಿದೆ' ಅನ್ನುತ್ತಾರೆ. ಯಾರೂ ಕಬ್ಬಿಣ ಸುರಿದಿಲ್ಲ. ಸುರಿದದ್ದು ಕಾಫಿ ತೊಳೆದ ನೀರು, ಬಂದದ್ದು ನೆಲದ ಕಬ್ಬಿಣ. ಹೀಗೆ ಮೂಲ ಒಂದು, ಗುರುತು ಇನ್ನೊಂದು ಆಗುವುದು ನನಗೆ ಈ ಕೆಲಸದಲ್ಲಿ ಅತಿ ಕುತೂಹಲದ ಭಾಗ.

ಇದರ ತದ್ವಿರುದ್ಧವೂ ಉಂಟು. ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿ ಕಡೆ ಕಲ್ಲಿನಲ್ಲೇ ಕ್ರೋಮಿಯಂ ಇದೆ. ಬೈರಾಪುರದಲ್ಲಿ ಕ್ರೋಮೈಟ್ ಗಣಿ ಬಂದದ್ದೇ ಅದಕ್ಕಾಗಿ. ಅಲ್ಲಿ ಮಣ್ಣಿನಲ್ಲಿ ಕ್ರೋಮಿಯಂ ಸಿಕ್ಕಿತು ಅಂತ ಯಾರ ಮೇಲಾದರೂ ಬೆರಳು ತೋರಿಸುವ ಮುಂಚೆ ಕಲ್ಲಿನ ಪಾಲು ಎಷ್ಟು ಅಂತ ಕಳೆಯಬೇಕು. ಅರಸೀಕೆರೆ, ಕಡೂರು ಕಡೆಯ ಕೆಲವು ಬೋರ್‌ಗಳ ಫ್ಲೋರೈಡ್ ಕೂಡ ಬಂಡೆಯದ್ದೇ.

ನೆಲ ಅಗೆಯದೆ ಒಳಗೆ ಇಣುಕುವುದು

ಕೆಲಸ ಶುರುವಾಗುವುದು ಮೆಷಿನ್‌ನಿಂದಲ್ಲ, ಚಹಾದಿಂದ. ತೋಟದ ಲೆಕ್ಕ ಬರೆಯುವ ಹಳೆಯ ರೈಟರು, ಕೆಲಸಗಾರರ ಲೈನ್ ಮನೆಯಲ್ಲಿ ಮೂವತ್ತು ವರ್ಷ ಇದ್ದವರು, ಇವರ ಜೊತೆ ಕೂತು ಕೇಳಬೇಕು. ಟ್ಯಾಂಕ್ ಯಾವಾಗ ಹೂತರು? ಯಾವ ವರ್ಷ ಡೀಸೆಲ್ ಲೆಕ್ಕ ತಾಳೆಯಾಗಲಿಲ್ಲ? ಹಳೇ ಔಷಧಿ ಡಬ್ಬಗಳನ್ನು ಎಲ್ಲಿ ಎಸೆಯುತ್ತಿದ್ದರು? ಲಕ್ಷ ರೂಪಾಯಿಯ ಸರ್ವೆ ಹೇಳದ್ದನ್ನು ಒಂದು ಲೋಟ ಚಹಾ ಹೇಳುತ್ತದೆ. ಆಮೇಲೆ ಸುತ್ತಲಿನ ಬಾವಿ, ಬೋರ್, ಒರತೆಗಳ ನೀರಿನ ಮಟ್ಟ ಅಳೆಯಬೇಕು. ಮರಳು ನೆಲದಲ್ಲಿ ಮೂರು ಬಾವಿಯ ಮಟ್ಟ ಗೊತ್ತಾದರೆ ನೀರಿನ ದಿಕ್ಕು ಹೇಳಬಹುದು. ನಮ್ಮಲ್ಲಿ ಆ ಮೂರೂ ಬಾವಿಗಳು ಬೇರೆ ಬೇರೆ ಬಿರುಕಿಗೆ ಸೇರಿದ್ದರೆ ಸಿಗುವ ದಿಕ್ಕು ಬರೀ ಕಾಗದದ ದಿಕ್ಕು.

ಇನ್ನು ನನ್ನ ಪೆಟ್ಟಿಗೆ. ಅದು ನೆಲಕ್ಕೆ ಕರೆಂಟ್ ಕೊಟ್ಟು, ನೆಲ ಅದನ್ನು ಎಷ್ಟು ತಡೆಯುತ್ತದೆ ಅಂತ ಅಳೆಯುತ್ತದೆ. ಕಾನ್ರಾಡ್ ಶ್ಲುಂಬರ್ಜರ್ ಎಂಬ ಫ್ರೆಂಚ್ ವಿಜ್ಞಾನಿ 1912ರ ಸುಮಾರಿಗೆ ಶುರು ಮಾಡಿದ ವಿಧಾನ. ನಮ್ಮ ಬೋರ್ ಪಾಯಿಂಟ್‌ನವರು ಇವತ್ತಿಗೂ ಸರಳು ನೆಡಲು ಅವನ ಹೆಸರಿನ ಜೋಡಣೆಯನ್ನೇ ಬಳಸುತ್ತಾರೆ. ನೆಲದ ತಡೆಯನ್ನು ಓಮ್-ಮೀಟರ್ ಲೆಕ್ಕದಲ್ಲಿ ಹೇಳುತ್ತಾರೆ. ಹಸಿ ಜೇಡಿ ಕರೆಂಟನ್ನು ಸಲೀಸಾಗಿ ಬಿಡುತ್ತದೆ: 10ರಿಂದ 50 ಓಮ್-ಮೀಟರ್. ಬಿರುಕಿಲ್ಲದ ಬಂಡೆ ಸಾವಿರಗಟ್ಟಲೆ ಓಮ್-ಮೀಟರ್ ತೋರಿಸುತ್ತದೆ. ಉಪ್ಪು ಕರಗಿದ ನೀರಿದ್ದರೆ ತಡೆ ಕಡಿಮೆಯಾಗುತ್ತದೆ. ಒಂದೇ ಗೆರೆಯಲ್ಲಿ 48 ಸರಳುಗಳನ್ನು 5 ಮೀಟರಿಗೊಂದರಂತೆ ನೆಟ್ಟು, ಕಂಪ್ಯೂಟರ್ ಸರದಿಯಂತೆ ಅಳೆಯುತ್ತಾ ಹೋದರೆ ನೆಲವನ್ನು ಚಾಕುವಿನಲ್ಲಿ ಕೊಯ್ದ ಹಾಗೆ ಒಂದು ಬಣ್ಣದ ಚಿತ್ರ ಬರುತ್ತದೆ. ತಡೆ ಕಡಿಮೆ ಇದ್ದಲ್ಲಿ ನೀಲಿ, ಜಾಸ್ತಿ ಇದ್ದಲ್ಲಿ ಕೆಂಪು. ಗೆರೆಯ ಉದ್ದದ ಸುಮಾರು ಐದರಲ್ಲೊಂದು ಪಾಲು ಆಳ ಕಾಣುತ್ತದೆ. 235 ಮೀಟರ್ ಗೆರೆಗೆ 45 ಮೀಟರ್ ಅಂತ ಇಟ್ಟುಕೊಳ್ಳಿ.

ಹೇಳಲು ಸುಲಭ. ಜಂಬಿಟ್ಟಿಗೆಯಲ್ಲಿ ಸರಳು ಇಳಿಯುವುದೇ ಇಲ್ಲ. ಸುತ್ತಿಗೆ ಏಟಿಗೆ ಕಿಡಿ ಹಾರುತ್ತದೆ. ಇಳಿದರೂ ಬೇಸಿಗೆಯಲ್ಲಿ ಒಣಗಿದ ತೂತುಗಳಲ್ಲಿ ಗಾಳಿ ತುಂಬಿ ಕರೆಂಟ್ ಹೋಗುವುದಿಲ್ಲ. ಪ್ರತಿ ಸರಳಿನ ಬುಡಕ್ಕೆ ಉಪ್ಪು ನೀರು ಹೊಯ್ದು, ಜೇಡಿ ಮೆತ್ತಿ, ದೇವರಿಗೆ ಕೈಮುಗಿದು ಶುರು ಮಾಡಬೇಕು. ತೋಟದ ಸುತ್ತ ಸೋಲಾರ್ ಬೇಲಿ, ನೆಲದಡಿ ಕಬ್ಬಿಣದ ಪೈಪು, ತಲೆಯ ಮೇಲೆ ವಿದ್ಯುತ್ ತಂತಿ, ಎಲ್ಲವೂ ಅಳತೆ ಕೆಡಿಸುತ್ತವೆ. ಇಳಿಜಾರು ಬೇರೆ. ಮಳೆಗಾಲದಲ್ಲಿ ಇಂಬಳ. ಆಲೂರು, ಸಕಲೇಶಪುರ ಕಡೆ ಆನೆ ಬಂತು ಅಂತ ವೈರು ಬಿಟ್ಟು ಓಡಿದ್ದೂ ಉಂಟು.

ಆದರೆ ದೊಡ್ಡ ಕಷ್ಟ ಇದ್ಯಾವುದೂ ಅಲ್ಲ. ಹಸಿ ಜೇಡಿಯೂ ನೀಲಿ ಬಣ್ಣದಲ್ಲೇ ಕಾಣುತ್ತದೆ, ಕಲುಷಿತ ಉಪ್ಪು ನೀರೂ ನೀಲಿಯಲ್ಲೇ ಕಾಣುತ್ತದೆ. ಡೀಸೆಲ್ ಇನ್ನೂ ತಮಾಷೆ. ಹೊಸದಾಗಿ ಸೋರಿದಾಗ ಅದು ಕರೆಂಟ್ ಬಿಡುವುದಿಲ್ಲ, ತಡೆ ಜಾಸ್ತಿ. ವರ್ಷಗಳಾದ ಮೇಲೆ ಬ್ಯಾಕ್ಟೀರಿಯಾಗಳು ಅದನ್ನು ತಿಂದು ಆಮ್ಲ ಬಿಡುತ್ತವೆ, ಆಮ್ಲ ಕಲ್ಲಿನ ಲವಣ ಕರಗಿಸುತ್ತದೆ, ಆಗ ಅದೇ ಜಾಗದಲ್ಲಿ ತಡೆ ಕಡಿಮೆಯಾಗುತ್ತದೆ. ಒಂದೇ ಸೋರಿಕೆ, ವಯಸ್ಸಿಗೆ ತಕ್ಕ ಹಾಗೆ ಎರಡು ಬಣ್ಣ. ಅದಕ್ಕೇ ಒಂದು ಚಿತ್ರ ನೋಡಿ ಇಲ್ಲಿದೆ ಅಂತ ಹೇಳುವವರನ್ನು ನಾನು ನಂಬುವುದಿಲ್ಲ. ಅದೇ ಗೆರೆ, ಅದೇ ಸರಳಿನ ಜಾಗ, ಮಾರ್ಚ್‌ನಲ್ಲಿ ಒಂದು ಸಲ, ಆಗಸ್ಟ್‌ನಲ್ಲಿ ಒಂದು ಸಲ ಅಳೆಯಬೇಕು. ಜೇಡಿ ಎರಡರಲ್ಲೂ ಬಹುಮಟ್ಟಿಗೆ ಒಂದೇ ಥರ ಇರುತ್ತದೆ. ಬದಲಾಗುವ ಜಾಗದಲ್ಲಿ ನೀರು ಓಡಾಡುತ್ತಿದೆ. ಒಂದರಿಂದ ಇನ್ನೊಂದನ್ನು ಕಳೆದಾಗ ಉಳಿಯುವುದರಲ್ಲೇ ಕತೆ ಇರುತ್ತದೆ.

ನೆಲದೊಳಗೆ ಅಲೆ ಕಳಿಸಿ ನೋಡುವ ರಾಡಾರ್ ಬಗ್ಗೆ ಜನ ತುಂಬಾ ಕೇಳುತ್ತಾರೆ, ಟಿವಿಯಲ್ಲಿ ನೋಡಿರುತ್ತಾರಲ್ವಾ. ಒಣ ಬಂಡೆಯಲ್ಲಿ ಅದು ಹತ್ತಾರು ಮೀಟರ್ ನೋಡುತ್ತದೆ. ನಮ್ಮ ಹಸಿ ಜೇಡಿಯಲ್ಲಿ ಒಂದೆರಡು ಮೀಟರಿಗೇ ಅದರ ಅಲೆ ಸತ್ತುಹೋಗುತ್ತದೆ. ಹೂತ ಟ್ಯಾಂಕ್ ಎಲ್ಲಿದೆ ಅಂತ ಹುಡುಕಲು ಒಳ್ಳೆಯದು, ಅದರಿಂದ ಸೋರಿದ್ದು ಎಲ್ಲಿಗೆ ಹೋಯಿತು ಅಂತ ಹುಡುಕಲು ಅಲ್ಲ.

ಪೆಟ್ರೋಲ್ ಥರದ ಆವಿಯಾಗುವ ಪದಾರ್ಥಗಳಿಗೆ ಇನ್ನೊಂದು ದಾರಿ ಇದೆ. ನೆಲಕ್ಕೆ ತೆಳು ಕೊಳವೆ ಇಳಿಸಿ, ಮಣ್ಣಿನೊಳಗಿನ ಗಾಳಿ ಹೀರಿ, ಸಣ್ಣ ಮೀಟರ್ ಹಿಡಿದು ಮೂಸುವುದು. ಅಗ್ಗ, ಬೇಗ. ಆದರೆ ಮಳೆಗಾಲದಲ್ಲಿ ಮಣ್ಣಿನ ರಂಧ್ರಗಳಲ್ಲಿ ಗಾಳಿಯೇ ಇರುವುದಿಲ್ಲ, ಬರೀ ನೀರು. ಈ ಕೆಲಸ ಫೆಬ್ರವರಿಗೆ ಇಟ್ಟುಕೊಳ್ಳಬೇಕು. ಇನ್ನೊಂದು ಸೊಗಸಾದ ಉಪಾಯ ಮರಗಳದ್ದು. ಬೇರು ನೀರಿನ ಜೊತೆ ಸಾಲ್ವೆಂಟನ್ನೂ ಹೀರುತ್ತದೆ. ಕಾಂಡದಿಂದ ಪೆನ್ಸಿಲ್‌ನಷ್ಟು ಮರ ಕೊರೆದು ಲ್ಯಾಬಿಗೆ ಕೊಟ್ಟರೆ ಕೆಳಗೆ ಏನಿದೆ ಅಂತ ಸುಳಿವು ಸಿಗುತ್ತದೆ. ಹೊರದೇಶಗಳಲ್ಲಿ ಇದು ರೂಢಿಯಲ್ಲಿರುವ ವಿಧಾನ. ತೋಟದಲ್ಲಿ ಸಾಲಾಗಿ ನಿಂತ ಸಿಲ್ವರ್ ಓಕ್ ಕಂಡಾಗಲೆಲ್ಲ, ಇವೆಲ್ಲ ಪುಕ್ಕಟೆ ಕೊಳವೆಗಳಲ್ವಾ ಅನ್ನಿಸುತ್ತದೆ.

ಬೋರ್ ಕೊರೆಯುವ ಅವಸರ

ಕೊನೆಗೆ ಕೊರೆಯಲೇಬೇಕು. ಆದರೆ ಇಲ್ಲೇ ಜಾಸ್ತಿ ಹಾನಿಯಾಗುವುದು.

ನಮ್ಮ ಬೋರ್‌ಗಳಿಗೆ ಮೇಲಿನ ಮಣ್ಣು, ಕೊಳೆತ ಕಲ್ಲು ಕುಸಿಯದ ಹಾಗೆ ಕೇಸಿಂಗ್ ಪೈಪು ಇಳಿಸುತ್ತಾರೆ. ಗಟ್ಟಿ ಬಂಡೆ ಸಿಕ್ಕಿದಲ್ಲಿಗೆ ಕೇಸಿಂಗ್ ಮುಗಿಯುತ್ತದೆ. ಅಲ್ಲಿಂದ ಕೆಳಗೆ ಬರೀ ತೂತು. ಕೇಸಿಂಗ್‌ಗೆ ಅಡಿ ಲೆಕ್ಕದಲ್ಲಿ ದುಡ್ಡು, ಅದಕ್ಕೆ ಹತ್ತು ಅಡಿ ಉಳಿಸುವವರು ಎಷ್ಟೋ ಜನ. ಕೇಸಿಂಗ್ ಮತ್ತು ತೂತಿನ ನಡುವಿನ ಸಂದಿಗೆ ಸಿಮೆಂಟ್ ಹಾಕುವವರು ಬಹಳ ಕಡಿಮೆ. ಹೀಗಾಗಿ ಮೇಲಿನ ಕೊಳಕು ನೀರು ಸಂದಿಯಲ್ಲಿ ಇಳಿದು, ತೂತಿನೊಳಗೆ ಬಿದ್ದು, 300 ಅಡಿ ಆಳದ ಶುದ್ಧ ಬಿರುಕಿಗೆ ನೇರ ಹೋಗುತ್ತದೆ. ನಿಸರ್ಗ ಸಾವಿರಾರು ವರ್ಷ ಬೇರೆ ಬೇರೆ ಇಟ್ಟಿದ್ದ ಎರಡು ನೀರನ್ನು ನಾವು ಒಂದು ದಿನದಲ್ಲಿ ಸೇರಿಸುತ್ತೇವೆ. ವಿಷ ಹುಡುಕಲು ಕೊರೆದ ಬೋರೇ ವಿಷಕ್ಕೆ ಏಣಿಯಾಗುತ್ತದೆ. ನೀರು ಬರದೆ ಬಿಟ್ಟುಹೋದ ಬೋರ್‌ಗಳೂ ಇದೇ ಕೆಲಸ ಮಾಡುತ್ತಿರುತ್ತವೆ, ಯಾರೂ ಅವುಗಳ ಕಡೆ ನೋಡುವುದಿಲ್ಲ ಅಷ್ಟೆ.

ರಿಗ್ ಲಾರಿಯವರು ಕಂಪ್ರೆಸರ್ ಗಾಳಿಯಲ್ಲಿ ಕೊರೆಯುತ್ತಾರೆ. ಆ ಗಾಳಿಯಲ್ಲಿ ಕಂಪ್ರೆಸರಿನ ಎಣ್ಣೆಯೂ ಸ್ವಲ್ಪ ಇರುತ್ತದೆ. ಎಣ್ಣೆ ಹುಡುಕಲು ಎಣ್ಣೆ ಹಾಕಿ ಕೊರೆದ ಹಾಗೆ. ಜೊತೆಗೆ ಆವಿಯಾಗುವ ಪದಾರ್ಥಗಳನ್ನೆಲ್ಲ ಅದೇ ಗಾಳಿ ಊದಿ ಓಡಿಸಿರುತ್ತದೆ. ಕೊರೆದ ದಿನವೇ ಬಾಟಲಿ ತುಂಬಿಸಿ ಲ್ಯಾಬಿಗೆ ಓಡಿದರೆ ಎರಡು ರೀತಿಯಲ್ಲೂ ತಪ್ಪು ಉತ್ತರ.

ಕೊರೆದ ತೂತಿನಲ್ಲಿ ಯಾವ ಆಳದಿಂದ ಕೊಳಕು ಬರುತ್ತಿದೆ ಅಂತ ಬೇರ್ಪಡಿಸುವುದೇ ಮುಖ್ಯ ಕೆಲಸ. ಮೋಟಾರ್ ಹಾಕಿ ಎತ್ತಿದ ನೀರು ಎಲ್ಲ ಬಿರುಕುಗಳ ಸಾರು. ಒಂದು ಬಿರುಕಿನಲ್ಲಿ ವಿಷ ಇದ್ದು ಒಂಬತ್ತರಲ್ಲಿ ಇಲ್ಲದಿದ್ದರೆ ಅದು ಹತ್ತರಲ್ಲೊಂದಾಗಿ ಕಾಣುತ್ತದೆ, ಇಲ್ಲವೇ ಕಾಣುವುದೇ ಇಲ್ಲ. ಅದಕ್ಕೆ ಪ್ಯಾಕರ್ ಬಳಸುತ್ತಾರೆ. ರಬ್ಬರಿನ ಎರಡು ಬಲೂನು ಇಳಿಸಿ, ಊದಿ, ಮೇಲೆ ಕೆಳಗೆ ಮುಚ್ಚಿ, ನಡುವಿನ ತುಂಡಿನ ನೀರು ಮಾತ್ರ ತೆಗೆಯುವುದು. ಅಷ್ಟು ದುಡ್ಡಿಲ್ಲದಿದ್ದರೆ ಕ್ಯಾಮೆರಾ ಇಳಿಸಿ, ಜೊತೆಗೆ ನೀರಿನ ಬಿಸಿ ಮತ್ತು ಕರೆಂಟ್ ಹರಿಯುವ ಗುಣವನ್ನು ಅಡಿ ಅಡಿಗೆ ಅಳೆದರೂ ಬಹಳಷ್ಟು ಗೊತ್ತಾಗುತ್ತದೆ. ನೀರನ್ನು ನಿಧಾನ ಎತ್ತಬೇಕು. ಪಿಎಚ್, ಬಿಸಿ, ಕರೆಂಟ್ ಗುಣ ಮೂರೂ ಸ್ಥಿರವಾದ ಮೇಲೆ ಬಾಟಲಿ ಹಿಡಿಯಬೇಕು. ಡೀಸೆಲ್, ಪೆಟ್ರೋಲ್ ಅನುಮಾನ ಇದ್ದರೆ 40 ಮಿಲಿಲೀಟರಿನ ಗಾಜಿನ ಸೀಸೆಯನ್ನು ಒಂದು ಗುಳ್ಳೆಯೂ ಉಳಿಯದ ಹಾಗೆ ತುಂಬಿ ಐಸ್‌ನಲ್ಲಿ ಇಡಬೇಕು. ಬಿಸ್ಲೆರಿ ಬಾಟಲಿಯಲ್ಲಿ ಅರ್ಧ ತುಂಬಿಸಿ ಬಸ್ಸಿನಲ್ಲಿ ಕಳಿಸಿದರೆ ಹಾಸನ ತಲುಪುವ ಹೊತ್ತಿಗೆ ವಾಸನೆ ಮುಚ್ಚಳದೊಳಗಿನ ಗಾಳಿಗೆ ಹೋಗಿರುತ್ತದೆ. ಆ ತೋಟದ ಪ್ಲಾಸ್ಟಿಕ್ ಕವರಿನ ಕಾಗದ ಹಾಗೆ ಹೋದ ನೀರಿನದ್ದೇ.

2025ರಲ್ಲಿ ಕೇಂದ್ರ ಸರ್ಕಾರ ಕಲುಷಿತ ಜಾಗಗಳಿಗೆ ಅಂತಲೇ ನಿಯಮ ತಂದಿದೆ. ಮೊದಲ ಪರಿಶೀಲನೆಗೆ 90 ದಿನ, ವಿವರವಾದ ಸರ್ವೆಗೆ ಇನ್ನು ಮೂರು ತಿಂಗಳು. ನಿಯಮ ಬಂದದ್ದು ಒಳ್ಳೆಯದೇ. ಆದರೆ ಡಿಸೆಂಬರ್‌ನಲ್ಲಿ ಶುರುವಾದ ಕೆಲಸ ಮೇ ತಿಂಗಳಿಗೆ ಮುಗಿದರೆ ಮಲೆನಾಡಿನ ಅರ್ಧ ಕತೆ ಮಾತ್ರ ಸಿಗುತ್ತದೆ. ಇಲ್ಲಿ ನೆಲ ಬಾಯಿ ಬಿಡುವುದು ಜೂನ್ ಆದ ಮೇಲೆ.

ನಾನು ತಪ್ಪಿದ್ದು

ಮತ್ತೆ ಆ ತೋಟಕ್ಕೆ. ನನ್ನ ಬಣ್ಣದ ಚಿತ್ರದಲ್ಲಿ ಶೆಡ್ಡಿನಿಂದ ಬೋರ್ ಕಡೆಗೆ, 30 ಮೀಟರ್ ಆಳದಲ್ಲಿ, ಒಂದು ನೀಲಿ ಪಟ್ಟಿ ಕಂಡಿತು. ಬಿರುಕು, ಅದರಲ್ಲಿ ಡೀಸೆಲ್ ಅಂತ ಖುಷಿಯಿಂದ ಹೇಳಿಬಿಟ್ಟೆ. ಯಜಮಾನರು ಆ ಬಿರುಕಿನ ಮೇಲೆ ಇನ್ನೊಂದು ಬೋರ್ ಕೊರೆಸಿ ನೋಡಲು ರಿಗ್‌ಗೂ ಫೋನ್ ಮಾಡಿದ್ದರು. ಮಳೆಗೆ ಲಾರಿ ಗುಡ್ಡ ಹತ್ತಲಿಲ್ಲ, ನಮ್ಮ ಪುಣ್ಯ. ಮಾರ್ಚ್‌ನಲ್ಲಿ ಅದೇ ಗೆರೆ ಮತ್ತೆ ಅಳೆದಾಗ ನೀಲಿ ಪಟ್ಟಿ ಒಂದಿಷ್ಟೂ ಬದಲಾಗಿರಲಿಲ್ಲ. ಅದು ಜೇಡಿ. ಬದಲಾಗಿದ್ದು ಮೇಲಿನ 8 ಮೀಟರ್, ಜಂಬಿಟ್ಟಿಗೆ. ಜೊತೆಗೆ ಶೆಡ್ಡು ಮತ್ತು ಸೇದುವ ಬಾವಿಯ ನಡುವೆ ನೆಟ್ಟಗೆ ನಿಂತ ಒಂದು ಕೆಂಪು ಗೋಡೆ ಎರಡು ಚಿತ್ರದಲ್ಲೂ ಕಂಡಿತ್ತು. ಮೊದಲ ಸಲ ನಾನು ಅದನ್ನು ಗಮನಿಸಿರಲೇ ಇಲ್ಲ. ಅದು ಕರಿಕಲ್ಲಿನ ಗೋಡೆ. ಹತ್ತಿರದ ಬಾವಿ ಗೋಡೆಯ ಆಚೆ ಇದ್ದದ್ದಕ್ಕೆ ಬಚಾವಾಗಿತ್ತು.

ಬೋರ್‌ಗೆ ಕ್ಯಾಮೆರಾ ಇಳಿಸಿದೆವು. 42 ಅಡಿಯಲ್ಲಿ ಕೇಸಿಂಗ್ ಮುಗಿದಿತ್ತು, ಗಟ್ಟಿ ಬಂಡೆ ಇನ್ನೂ ಆರೇಳು ಅಡಿ ಕೆಳಗೆ. ಆ ನಡುವಿನ ಗೋಡೆಯ ಮೇಲೆ ಕಂದು ಕಲೆ, ಸೋರಿ ಇಳಿದ ಗೆರೆಗಳು.

ಅನುಮಾನ ಪಕ್ಕಾ ಆಗಬೇಕಲ್ಲ. ಮುಂದಿನ ಜುಲೈನಲ್ಲಿ ಹಳೆ ಟ್ಯಾಂಕಿಗಿಂತ ಸ್ವಲ್ಪ ಕೆಳಗೆ ಒಂದು ಗುಂಡಿ ತೋಡಿ, 50 ಕೆಜಿ ಅಡುಗೆ ಉಪ್ಪನ್ನು ಡ್ರಮ್ಮಿನಲ್ಲಿ ಕರಗಿಸಿ ಸುರಿದೆವು. ಕಾಫಿ ಬೇರಿಗೆ ಉಪ್ಪು ಅಂತ ಯಜಮಾನರು ಮುಖ ಗಂಟು ಹಾಕಿಕೊಂಡರು. ಬಣ್ಣದ ಪುಡಿಯಲ್ಲೂ ಇದನ್ನು ಮಾಡುತ್ತಾರೆ, ಆದರೆ ಬೋರ್‌ನಿಂದ ಹಸಿರು ನೀರು ಬಂದರೆ ಊರೆಲ್ಲ ಗಲಾಟೆ. ಮೋಟಾರ್ ಬಂದ್ ಮಾಡಿ, ನೀರಿನ ಕರೆಂಟ್ ಗುಣ ಅಳೆಯುವ ಎರಡು ಮೀಟರುಗಳನ್ನು ಬೋರ್‌ಗೆ ಇಳಿಸಿದೆವು, ಒಂದು ಕೇಸಿಂಗ್ ಮುಗಿಯುವಲ್ಲಿ, ಇನ್ನೊಂದು 200 ಅಡಿಯಲ್ಲಿ. ಎರಡು ದಿನ ಏನೂ ಇಲ್ಲ. ಮೂರನೇ ದಿನ ಬೆಳಗ್ಗೆ ಮೇಲಿನ ಮೀಟರ್ ಏರತೊಡಗಿತು. ಕೆಳಗಿನದ್ದು ಅಲುಗಾಡಲಿಲ್ಲ. ಬಿರುಕಿನದ್ದೇನೂ ತಪ್ಪಿರಲಿಲ್ಲ. ಜಂಬಿಟ್ಟಿಗೆಯ ಸುರಂಗಗಳಲ್ಲಿ ಹರಿದು ಬಂದ ಮಳೆನೀರು ಅರೆಬರೆ ಕೇಸಿಂಗ್‌ನ ಸಂದಿಯಲ್ಲಿ ಒಳಗೆ ಬೀಳುತ್ತಿತ್ತು. ಬೇಸಿಗೆಯಲ್ಲಿ ಆ ಸುರಂಗಗಳು ಒಣ, ಅದಕ್ಕೆ ವಾಸನೆ ಇಲ್ಲ.

ನಾನು ಕೊಟ್ಟ ನಕ್ಷೆಯಲ್ಲಿ ಟ್ಯಾಂಕಿನ ಸುತ್ತ ದುಂಡಗಿನ ವೃತ್ತಗಳಿರಲಿಲ್ಲ. ಅಂಥ ವೃತ್ತಗಳನ್ನು ಕಂಪ್ಯೂಟರ್ ಎರಡು ನಿಮಿಷದಲ್ಲಿ ಚೆಂದವಾಗಿ ಬರೆದುಕೊಡುತ್ತದೆ, ನಾಲ್ಕು ಬಾವಿಯ ಅಂಕಿ ಕೊಟ್ಟರೆ ಸಾಕು. ನಡುವಿನ ಜಾಗದಲ್ಲಿ ಗೋಡೆ ಇದೆಯೋ ಸುರಂಗ ಇದೆಯೋ ಅದಕ್ಕೆ ಗೊತ್ತಿಲ್ಲ. ನನ್ನದರಲ್ಲಿ ಇದ್ದದ್ದು ಇಳಿಜಾರಿನಲ್ಲಿ ಹಾವಿನಂತೆ ಹೋಗುವ ಒಂದು ಸೊಟ್ಟ ಪಟ್ಟಿ, ಕರಿಕಲ್ಲಿನ ಒಂದು ದಪ್ಪ ಗೆರೆ, ಪ್ರತಿ ಅಂಕಿಯ ಪಕ್ಕ ಆಳ ಮತ್ತು ತಿಂಗಳು, ಅಳೆಯದ ಜಾಗ ಖಾಲಿ ಬಿಳಿ. "ಇಷ್ಟು ದುಡ್ಡು ಕೊಟ್ಟು ಅರ್ಧ ಖಾಲಿ ಕಾಗದವಾ?" ಅಂತ ಯಜಮಾನರ ಮಗ ಕೇಳಿದ. ಕೇಳಿದ್ದು ತಪ್ಪಲ್ಲ.

ಫೆಬ್ರವರಿಯಲ್ಲಿ ಟ್ಯಾಂಕ್ ಎತ್ತಿಸಿದರು. ತಳದಲ್ಲಿ ಬೆರಳು ತೂರುವಷ್ಟು ತುಕ್ಕಿನ ತೂತು. ಸುತ್ತಲ ಮಣ್ಣನ್ನೂ ತೆಗೆಸಿದರು. ಬೋರ್‌ಗೆ ಬಂಡೆಯವರೆಗೆ ಒಳಗೊಂದು ಕೇಸಿಂಗ್ ಇಳಿಸಿ ಸಂದಿಗೆ ಸಿಮೆಂಟ್ ತುಂಬಿಸಿದರು. ಆ ಮಳೆಗಾಲ ಬಕೆಟ್ ಮೂಸಿದಾಗ ವಾಸನೆ ಇರಲಿಲ್ಲ. ಆದರೆ ಜಂಬಿಟ್ಟಿಗೆಯ ನೀರು ಹರಿಯುವುದನ್ನೇನೂ ನಿಲ್ಲಿಸಿಲ್ಲ, ಬೋರ್‌ಗೆ ಬೀಳುವುದನ್ನು ನಿಲ್ಲಿಸಿದೆ ಅಷ್ಟೆ. ಗದ್ದೆಯ ಕೆಳಗೆ, ಹಳ್ಳಕ್ಕೆ ಸೇರುವ ಮುಂಚೆ, ಒಂದು ಸಣ್ಣ ಒರತೆ ಇದೆ. ದನಗಳು ಅಲ್ಲಿ ನೀರು ಕುಡಿಯುತ್ತವೆ. ನಕ್ಷೆಯಲ್ಲಿ ಆ ಜಾಗ ಇನ್ನೂ ಬಿಳಿ. ಗಾಜಿನ ಸೀಸೆಗಳನ್ನು ತೊಳೆದು ಇಟ್ಟಿದ್ದೇನೆ, ಮಳೆ ಹಿಡಿಯಲಿ ಅಂತ ಕಾಯುತ್ತಿದ್ದೇನೆ.